ಓಪನಿಂಗ್ ಪ್ರೆಶರ್: ಬೆನ್ನಾಗಿನ ನೀರಿನ ಒತ್ತಡ

‘ಬೆನ್ನಾಗಿಂದ ನೀರು ತಗೀತಾರಂತ’ ಅಂತ ಹುಬ್ಬಳ್ಳಿ ಕಡೆಯ ವಾರ್ಡುಗಳಲ್ಲಿ ಹೇಳುವ ನೀರೇ ಸಿಎಸ್‌ಎಫ್ (ಸೆರೆಬ್ರೋಸ್ಪೈನಲ್ ಫ್ಲೂಯಿಡ್). ವಯಸ್ಕರ ಮಿದುಳು, ಬೆನ್ನುಹುರಿಯ ಸುತ್ತ ಸುಮಾರು 150 ಮಿ.ಲೀ. ಇರುತ್ತದೆ. ದಿನಕ್ಕೆ 500 ಮಿ.ಲೀ.ನಷ್ಟು ಹೊಸದಾಗಿ ಊರಿ, ಅಷ್ಟೇ ರಕ್ತಕ್ಕೆ ಇಂಗುತ್ತದೆ. ಇಂಗುವ ದಾರಿ ಕಟ್ಟಿತೋ, ಬುರುಡೆಯೊಳಗೆ ಒತ್ತಡ ಏರಿತು.

ಸೊಂಟಕ್ಕೆ ಸೂಜಿ ಚುಚ್ಚಿ, ನೀರನ್ನು ಬಾಟಲಿಗೆ ಬಿಡುವ ಮುಂಚೆ ಒತ್ತಡ ಅಳೆಯುವ ಮ್ಯಾನೋಮೀಟರ್ ಕೊಳವೆ ಜೋಡಿಸುತ್ತಾರೆ. ಅದರಲ್ಲಿ ನೀರು ಎಷ್ಟು ಸೆಂಟಿಮೀಟರ್ ಏರಿ ನಿಲ್ಲುತ್ತದೋ ಅದೇ ಓಪನಿಂಗ್ ಪ್ರೆಶರ್. ಮಗ್ಗುಲಾಗಿ ಮಲಗಿ ಕಾಲು ಚಾಚಿ ಸಡಿಲಾಗಿರುವ ವಯಸ್ಕರಲ್ಲಿ 20ರೊಳಗಿದ್ದರೆ ಸರಿ, 25 ದಾಟಿದರೆ ಹೆಚ್ಚು. ಮೊಣಕಾಲು ಹೊಟ್ಟೆಗೆ ಒತ್ತಿದ್ದರೆ, ಉಸಿರು ಬಿಗಿಹಿಡಿದರೆ ಅಂಕಿ ಸುಳ್ಳೇ ಏರುತ್ತದೆ. ಕೂತು ಅಳೆದದ್ದನ್ನು ಇದಕ್ಕೆ ಹೋಲಿಸಬಾರದು.

ಉಳಿದ ವರದಿಯಲ್ಲಿ ಬಿಳಿ ರಕ್ತಕೋಶ ಮೈಕ್ರೋಲೀಟರಿಗೆ 5ರೊಳಗೆ, ಪ್ರೋಟೀನ್ ಡೆಸಿಲೀಟರಿಗೆ 15ರಿಂದ 45 ಮಿ.ಗ್ರಾಂ ಸಹಜ. ಸಕ್ಕರೆಯನ್ನು ಮಾತ್ರ ಒಂಟಿಯಾಗಿ ಓದಬೇಡಿ. 50 ಅಂತ ಬಂದರೆ ನಿರಾಳ ಅನ್ನಿಸುತ್ತದೆ. ಅದೇ ಹೊತ್ತಿಗೆ ರಕ್ತದ ಸಕ್ಕರೆ 180 ಇದ್ದರೆ ಎರಡರ ಅನುಪಾತ 0.28. ಅದು 0.4ಕ್ಕಿಂತ ಕೆಳಗೆ ಬಂದರೆ ಸಂಶಯ ಪಡಲೇಬೇಕು. ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿಕೋಶ) ಸಾವಿರ ದಾಟಿ ಸಕ್ಕರೆ ಕುಸಿದಿದ್ದರೆ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಅಂತಲೇ ಹಿಡಿಯಬೇಕು. ಇನ್ನೊಂದು ಬಗೆಯ ಬಿಳಿಕೋಶವಾದ ಲಿಂಫೋಸೈಟ್ ಕೆಲವು ನೂರು, ಪ್ರೋಟೀನ್ 100ರ ಮೇಲೆ, ಸಕ್ಕರೆ ಕಡಿಮೆ, ವಾರಗಟ್ಟಲೆ ಜ್ವರ ಇದ್ದರೆ ಮೊದಲು ಟಿಬಿ ನೆನೆಯಿರಿ. ಲಿಂಫೋಸೈಟ್ ಹೆಚ್ಚಿದ್ದೂ ಸಕ್ಕರೆ ಸಹಜವಿದ್ದರೆ ಹೆಚ್ಚಾಗಿ ವೈರಸ್.

ಗದಗ, ಹಾವೇರಿಯಿಂದ ಹುಬ್ಬಳ್ಳಿಗೆ ಬಾಟಲಿ ಕಳಿಸುವಾಗ ದಾರಿಯಲ್ಲೇ ಎರಡು ತಾಸು ಹೋದರೆ ನ್ಯೂಟ್ರೋಫಿಲ್ ಅರ್ಧದಷ್ಟು ಒಡೆದುಹೋಗಬಹುದು. ಹಾಗಾಗಿ ಕೋಶಗಳನ್ನು ತೆಗೆದಲ್ಲೇ ಎಣಿಸಬೇಕು. ರೋಗಾಣು ಬೆಳೆಸಿ ನೋಡುವ ಕಲ್ಚರ್ ಬಾಟಲಿಯನ್ನು ಐಸಿನಲ್ಲಿ ಇಡಬಾರದು.

ತೊಡಕಿನ ಸಂಗತಿ ಬೇರೆಯೇ ಇದೆ. ಕೋಶ, ಪ್ರೋಟೀನ್, ಸಕ್ಕರೆ ಎಲ್ಲ ಸಹಜ, ಒತ್ತಡ ಮಾತ್ರ 35. ಅಳೆಯದೇ ಬಿಟ್ಟಿದ್ದರೆ ‘ನಾರ್ಮಲ್’ ಅಂತ ಮನೆಗೆ ಕಳಿಸುತ್ತಿದ್ದರು. ಮಲಗಿದರೆ ಹೆಚ್ಚುವ ತಲೆನೋವು, ಬಗ್ಗಿದಾಗ ಕಣ್ಣಿಗೆ ಮಂಜು, ದೂರದ್ದು ಎರಡೆರಡಾಗಿ ಕಾಣುವುದು, ಇವೆಲ್ಲ ಅದರ ಗುರುತು. ತೂಕ ಹೆಚ್ಚಿರುವ ಯುವತಿಯರಲ್ಲಿ ಕಾರಣವೇ ಸಿಗದೆ ಹೀಗಾಗುವುದುಂಟು. ಆದರೆ ಬಾಣಂತಿಯಾದರೆ ಮೊದಲು ಮಿದುಳಿನ ರಕ್ತನಾಳದ ಹೆಪ್ಪು ಹುಡುಕಬೇಕು. ಹೆರಿಗೆಯ ನಂತರ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ‘ಬಾಣಂತಿಗೆ ನೀರು ಬ್ಯಾಡ’ ಅನ್ನುವ ರೂಢಿ ಅದನ್ನು ಇನ್ನಷ್ಟು ಕೆಡಿಸುತ್ತದೆ. ಮಿದುಳಿನ ರಕ್ತನಾಳ ತೋರಿಸುವ ಸ್ಕ್ಯಾನ್ ಆದ ಎಂಆರ್ ವೆನೋಗ್ರಾಂ ನೋಡದೆ ‘ಕಾರಣವಿಲ್ಲದ ಒತ್ತಡ’ ಎಂದು ಬರೆಯುವ ಹಾಗಿಲ್ಲ.

ಮಂಪರು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ಸೂಜಿಗಿಂತ ಮೊದಲು ಸಿಟಿ ಸ್ಕ್ಯಾನ್. ಬುರುಡೆಯೊಳಗೆ ಗಡ್ಡೆಯಿದ್ದು ಕೆಳಗಿನಿಂದ ನೀರು ತೆಗೆದರೆ ಮಿದುಳು ಕೆಳಕ್ಕೆ ಜಗ್ಗಿ ಉಸಿರೇ ನಿಲ್ಲಬಹುದು. ಮೆನಿಂಜೈಟಿಸ್ ಅನುಮಾನವಿದ್ದರೆ ಸ್ಕ್ಯಾನಿನ ಸರದಿಗೆ ಕಾಯದೆ ಆ್ಯಂಟಿಬಯೋಟಿಕ್ ಶುರು ಮಾಡಬೇಕು.