20 ಮಿಲಿಸೆಕೆಂಡಿನ ಮಾತು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಿಂದ ಧಾರವಾಡದಲ್ಲಿರುವ ಅವ್ವನಿಗೆ ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುವುದು ನನ್ನ ರೂಢಿ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಕಾರಣ ಕರೆಗಳೆಲ್ಲ ವೈಫೈ ಮೂಲಕ, ಅಂದರೆ ಬ್ರಾಡ್‌ಬ್ಯಾಂಡ್ ಮೂಲಕವೇ ಹೋಗುತ್ತವೆ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಮಾತು ಶುರುವಾದ ಐದು ನಿಮಿಷಕ್ಕೆ ಅವ್ವ, "ನಿನ್ನ ಮಾತು ಅರ್ಧಾ ಕೇಳ್ತದ, ಅರ್ಧಾ ಕೇಳವಲ್ದು" ಎಂದಳು. ಅವಳ ಮಾತಾದರೋ ನನಗೆ ಸ್ವಚ್ಛವಾಗಿಯೇ ಕೇಳುತ್ತಿತ್ತು. ಡೌನ್‌ಲೋಡ್ ವೇಗ ಅಳೆದು ನೋಡಿದರೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ವೇಗ ಸಾಕಷ್ಟಿದ್ದೂ ಮಾತು ಒಂದೇ ದಿಕ್ಕಿನಲ್ಲಿ ಒಡೆಯುವುದು ಏಕೆಂದು ತಿಳಿಯಬೇಕಾದರೆ, ಮಾತು ಈ ಜಾಲದಲ್ಲಿ ಹೇಗೆ ಸಾಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹಳೆಯ ದೂರವಾಣಿಯಲ್ಲಿ ಕರೆ ಸೇರಿದೊಡನೆ ಇಬ್ಬರ ನಡುವೆ ಒಂದು ದಾರಿ ಮೀಸಲಾಗುತ್ತಿತ್ತು. ಇಬ್ಬರೂ ಸುಮ್ಮನೆ ಕುಳಿತಿದ್ದರೂ ಕರೆ ಮುಗಿಯುವ ತನಕ ಆ ದಾರಿ ಅವರದೇ. ಅಂತರ್ಜಾಲದಲ್ಲಿ ಯಾರಿಗೂ ಅಂಥ ಮೀಸಲು ದಾರಿಯಿಲ್ಲ. ದೂರವಾಣಿ ಗುಣಮಟ್ಟದ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64 ಸಾವಿರ ಬಿಟ್ ಆಗುತ್ತದೆ. ಈ ಪ್ರವಾಹವನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಕತ್ತರಿಸಿ ಪ್ಯಾಕೆಟ್‌ಗಳನ್ನಾಗಿ ಮಾಡುತ್ತಾರೆ. ಒಂದೊಂದು ಪ್ಯಾಕೆಟ್‌ನಲ್ಲಿ ಧ್ವನಿಯ ಪಾಲು 160 ಬೈಟ್ (8 ಬಿಟ್ ಸೇರಿದರೆ ಒಂದು ಬೈಟ್). ಅದರ ಮೇಲೆ ವಿಳಾಸ, ಕ್ರಮಸಂಖ್ಯೆ, ಸಮಯದ ಗುರುತು ಮುಂತಾದವಕ್ಕೆ ಇನ್ನೂ 40 ಬೈಟ್. "ಅವ್ವಾ" ಎಂದು ಒಮ್ಮೆ ಕರೆಯುವಷ್ಟರಲ್ಲಿ ಇಂಥ ಹತ್ತಿಪ್ಪತ್ತು ಪ್ಯಾಕೆಟ್‌ಗಳು ಮನೆ ಬಿಟ್ಟು ಹೊರಟಿರುತ್ತವೆ. ಇಷ್ಟೆಲ್ಲ ಸೇರಿದರೂ ಒಂದು ದಿಕ್ಕಿಗೆ ಬೇಕಾಗುವುದು ಸೆಕೆಂಡಿಗೆ ಸುಮಾರು 80 ಸಾವಿರ ಬಿಟ್ ಮಾತ್ರ. 2012ರಲ್ಲಿ ಪ್ರಮಾಣಿತವಾದ ಓಪಸ್‌ನಂಥ ಹೊಸ ಕೋಡೆಕ್‌ಗಳು (ಧ್ವನಿಯನ್ನು ಬಿಟ್‌ಗಳಾಗಿಸಿ ಮತ್ತೆ ಧ್ವನಿಯಾಗಿಸುವ ಕ್ರಮಗಳು) ಇದಕ್ಕಿಂತಲೂ ಕಡಿಮೆಯಲ್ಲಿ ಒಳ್ಳೆಯ ಧ್ವನಿ ಕೊಡುತ್ತವೆ. ಆದ್ದರಿಂದ ಮಾತಿನ ಮಟ್ಟಿಗೆ ವೇಗದ ಕೊರತೆ ಎಂಬುದು ಬಹಳ ಅಪರೂಪ.

ಮಾತು ಹೊರಡುವ ಮೊದಲು ಕರೆ ಕೂಡಿಸುವ ಕೆಲಸವಿದೆ. ಅದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಸಿಪ್ ಎಂಬ ನಿಯಮಾವಳಿ; ಅದರ ಈಗಿನ ರೂಪ 2002ರದು. ಅದರಲ್ಲಿ ಮೊದಲು ಹೋಗುವ ಸಂದೇಶದ ಹೆಸರು 'ಇನ್ವೈಟ್'. ನಮ್ಮ ಕರೆಯೋಲೆ ಎಂಬ ಮಾತು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಈ ಓಲೆ ಸೇವಾಸಂಸ್ಥೆಯ ಸರ್ವರ್‌ಗೆ ಹೋಗುತ್ತದೆ. ಕರೆದ ಸಂಖ್ಯೆ ಈಗ ಯಾವ ವಿಳಾಸದಲ್ಲಿದೆ ಎಂಬುದನ್ನು ಸರ್ವರ್ ಹುಡುಕಿ ಓಲೆಯನ್ನು ಅಲ್ಲಿಗೆ ದಾಟಿಸುತ್ತದೆ. ಆ ಕಡೆಯವರು ತಮ್ಮ ಧ್ವನಿಯನ್ನು ನನ್ನ ಯಾವ ವಿಳಾಸಕ್ಕೆ ಕಳಿಸಬೇಕು, ಯಾವ ಕೋಡೆಕ್ ನನಗೆ ಗೊತ್ತು ಎಂಬ ವಿವರಗಳೂ ಅದರೊಳಗೇ ಇರುತ್ತವೆ. ಓಲೆ ಹೋದ ದಾರಿಯಲ್ಲಿಯೇ ಮಾತು ಹೋಗಬೇಕೆಂಬ ನಿಯಮವಿಲ್ಲ. ಫೋನ್ ಬಾರಿಸುತ್ತದೆ, ಎತ್ತಿದರೆ ಬರೀ ಮೌನ ಎಂಬ ಅನುಭವಕ್ಕೆ ಎಷ್ಟೋ ಸಲ ಇದೇ ಕಾರಣ: ಓಲೆ ತಲುಪಿದೆ, ಧ್ವನಿಯ ಪ್ಯಾಕೆಟ್‌ಗಳನ್ನು ಮಾತ್ರ ನಡುವಿನ ಯಾವುದೋ ರೌಟರ್ ಒಳಗೆ ಬಿಟ್ಟಿಲ್ಲ. ಇನ್ನು ಆ ಕಡೆ ಇರುವುದು ಹಳೆಯ ಸ್ಥಿರ ದೂರವಾಣಿಯಾದರೆ, ಗೇಟ್‌ವೇ ಎಂಬ ಯಂತ್ರ ಪ್ಯಾಕೆಟ್‌ಗಳನ್ನು ಬಿಚ್ಚಿ ಮತ್ತೆ ಅಖಂಡ ಪ್ರವಾಹವನ್ನಾಗಿ ಮಾಡಿ ಎಕ್ಸ್‌ಚೇಂಜ್‌ಗೆ ಒಪ್ಪಿಸುತ್ತದೆ.

ಇಷ್ಟಾದರೂ ನಿಜವಾದ ಕಷ್ಟ ಇರುವುದು ಸಮಯದಲ್ಲಿ. ಬಾಯಿಯಿಂದ ಕಿವಿಗೆ ಒಂದು ದಿಕ್ಕಿನ ಪ್ರಯಾಣ 150 ಮಿಲಿಸೆಕೆಂಡಿನೊಳಗೆ ಮುಗಿದರೆ ಸಂಭಾಷಣೆಗೆ ತೊಂದರೆಯಿಲ್ಲವೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಅದನ್ನು ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ, "ಹೇಳು, ನೀನೇ ಹೇಳು" ಎಂಬುದರಲ್ಲೇ ಮಾತು ಕಳೆದುಹೋಗುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಧಾರವಾಡದವರೆಗಿನ ಕೇಬಲ್ ದಾರಿಯನ್ನು ಸಾವಿರ ಕಿಲೋಮೀಟರ್ ಎಂದೇ ಹಿಡಿದರೂ ಅದಕ್ಕೆ ತಗಲುವುದು 5 ಮಿಲಿಸೆಕೆಂಡ್. ದೂರ ಇಲ್ಲಿ ದೊಡ್ಡ ಖರ್ಚಲ್ಲ, ಸುತ್ತುದಾರಿ ಹಿಡಿಯದಿದ್ದರೆ. ಒಂದು ಕಾಲದಲ್ಲಿ ನಮ್ಮ ದೇಶದ ಇಬ್ಬರು ಸೇವಾದಾರರ ನಡುವಿನ ಪ್ಯಾಕೆಟ್‌ಗಳೇ ವಿದೇಶಕ್ಕೆ ಹೋಗಿ ಮರಳುತ್ತಿದ್ದುದುಂಟು. ಅವು ದೇಶದೊಳಗೇ ಕೈ ಬದಲಾಯಿಸಲೆಂದು 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ಅಂತರ್ಜಾಲ ವಿನಿಮಯ ಸಂಸ್ಥೆ ಹುಟ್ಟಿತು. ಮುಂಬೈ ಅದರ ಮುಖ್ಯ ಕೇಂದ್ರಗಳಲ್ಲಿ ಒಂದು.

ಸಮಯ ನಷ್ಟವಾಗುವುದು ಹೆಚ್ಚಾಗಿ ಸಾಲಿನಲ್ಲಿ ನಿಂತು ಕಾಯುವುದರಲ್ಲಿ. ಪ್ಯಾಕೆಟ್‌ಗಳು 20 ಮಿಲಿಸೆಕೆಂಡಿಗೊಂದರಂತೆ ಹೊರಟರೂ ತಲುಪುವಾಗ ಆ ಅಂತರ ಉಳಿದಿರುವುದಿಲ್ಲ. ಒಂದು ಬೇಗ ಬರುತ್ತದೆ, ಮುಂದಿನದು ಎಲ್ಲೋ ತಡೆದು ಬರುತ್ತದೆ. ಈ ಏರುಪೇರನ್ನು ಜಿಟ್ಟರ್ ಎನ್ನುತ್ತಾರೆ. ಅದನ್ನು ಸಮ ಮಾಡಲು, ಕೇಳುವವರ ಫೋನ್ ಬಂದ ಪ್ಯಾಕೆಟ್‌ಗಳನ್ನು ಕೆಲವು ಹತ್ತು ಮಿಲಿಸೆಕೆಂಡುಗಳ ಕಾಲ ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಹಿಡಿದಿಟ್ಟು, ಕ್ರಮಸಂಖ್ಯೆ ನೋಡಿ ಜೋಡಿಸಿ, ನಂತರ ಒಂದೇ ಲಯದಲ್ಲಿ ನುಡಿಸುತ್ತದೆ. ತನ್ನ ಸರದಿ ಕಳೆದ ಮೇಲೆ ಬಂದ ಪ್ಯಾಕೆಟ್‌ಗೆ ಅಲ್ಲಿ ಬೆಲೆಯಿಲ್ಲ, ಅದನ್ನು ಎಸೆಯುತ್ತದೆ. ಕಡತವಾದರೆ ಕಳೆದ ಭಾಗವನ್ನು ಮತ್ತೆ ತರಿಸಿಕೊಳ್ಳಬಹುದು, ಮಾತಿಗೆ ಅಷ್ಟು ವ್ಯವಧಾನವಿಲ್ಲ. ಒಂದೆರಡು ಪ್ಯಾಕೆಟ್ ತಪ್ಪಿದರೆ ಹಿಂದಿನ ಧ್ವನಿಯನ್ನೇ ಹಿಗ್ಗಿಸಿ ತೇಪೆ ಹಾಕುತ್ತಾರೆ, ಕಿವಿಗೆ ಗೊತ್ತಾಗುವುದೇ ಇಲ್ಲ. ಸಾಲಾಗಿ ಹತ್ತು ತಪ್ಪಿದರೆ ಒಂದು ಪದವೇ ಹೋಗುತ್ತದೆ.

ಆ ಭಾನುವಾರ ಆದದ್ದೂ ಇದೇ. ಪಕ್ಕದ ಕೋಣೆಯಲ್ಲಿ ಮಗಳು ಮದುವೆಯೊಂದರ ಫೋಟೋಗಳನ್ನೆಲ್ಲ ಆನ್‌ಲೈನ್ ಸಂಗ್ರಹಕ್ಕೆ ಏರಿಸುತ್ತಿದ್ದಳು. ನಮ್ಮ ಸಂಪರ್ಕದ ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್. ಹೊರಹೋಗುವ ಬಾಗಿಲಲ್ಲಿ 5 ಲಕ್ಷ ಬೈಟ್‌ನಷ್ಟು ಫೋಟೋ ಪ್ಯಾಕೆಟ್‌ಗಳು ಸಾಲುಗಟ್ಟಿದರೆ, ಅವುಗಳ ಹಿಂದೆ ಬಂದು ನಿಂತ 200 ಬೈಟ್‌ನ ಮಾತು 400 ಮಿಲಿಸೆಕೆಂಡ್ ಕಾಯಬೇಕು. ಒಳಬರುವ ದಾರಿ ಖಾಲಿಯಾಗಿದ್ದುದರಿಂದ ಅವ್ವನ ಮಾತಿಗೆ ಏನೂ ಆಗಲಿಲ್ಲ. ಸಾಧನಗಳಲ್ಲಿ ಬಫರ್ ಅತಿಯಾಗಿ ಬೆಳೆದು ಹೀಗೆ ತಡವಾಗುವುದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟವರು ಜಿಮ್ ಗೆಟಿಸ್ ಎಂಬ ಕಂಪ್ಯೂಟರ್ ತಂತ್ರಜ್ಞ. ಇದರ ನಿವಾರಣೆಗೆ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ 'ಕೋಡೆಲ್' ಎಂಬ ಕ್ರಮವನ್ನು ಪ್ರಕಟಿಸಿದರು. ಸಾಲು ಎಷ್ಟು ಉದ್ದ ಎನ್ನುವುದನ್ನು ಬಿಟ್ಟು, ಪ್ಯಾಕೆಟ್ ಎಷ್ಟು ಹೊತ್ತು ನಿಂತಿದೆ ಎಂಬುದನ್ನು ಅದು ಅಳೆಯುತ್ತದೆ. ಇಷ್ಟು ಸರಳವಾದ ಈ ಯೋಚನೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ನಮ್ಮ ರೌಟರ್‌ನಲ್ಲಿ ಆ ಸೌಲಭ್ಯವಿತ್ತು, ಆನ್ ಮಾಡಿರಲಿಲ್ಲ. ಅದನ್ನು ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು 9 ಮೆಗಾಬಿಟ್‌ಗೆ ಇಳಿಸಿದೆ. ಮಿತಿ ಹೀಗೆ ತುಸು ಕಡಿಮೆಯಿದ್ದರೆ ಸಾಲು ಸೇವಾದಾರರ ಸಾಧನದಲ್ಲಿ ಬೆಳೆಯದೆ ನಮ್ಮ ರೌಟರ್‌ನಲ್ಲೇ ನಿಲ್ಲುತ್ತದೆ. ಅಲ್ಲಿ ಸಣ್ಣ ಪ್ಯಾಕೆಟ್‌ಗೆ ಮೊದಲು ದಾರಿ ಬಿಡುವುದು ನಮ್ಮ ಕೈಯಲ್ಲಿದೆ. ಮುಂದಿನ ಭಾನುವಾರ ಮಗಳಿಗೆ ಹೇಳಿ ಬೇಕೆಂದೇ ಉಳಿದ ಫೋಟೋಗಳನ್ನು ಏರಿಸಲು ಹಚ್ಚಿ ಧಾರವಾಡಕ್ಕೆ ಫೋನ್ ಮಾಡಿದೆ. ರೌಟರ್‌ನಲ್ಲಿ ಏನು ಬದಲಿಸಿದೆನೆಂದು ನಾನು ವಿವರಿಸತೊಡಗಿದ್ದೆ, ವಾಕ್ಯ ಮುಗಿಯುವ ಮೊದಲೇ ಅವ್ವ ನಡುವೆ ಬಾಯಿ ಹಾಕಿ, "ಅದಿರ್ಲಿ, ನಾಷ್ಟಾ ಆತೇನು?" ಎಂದು ಕೇಳಿದಳು.