ಬೇಸ್‌ಮೆಂಟಿನ ಪಂಪಿಗೆ ಕರೆಂಟ್ ಎಲ್ಲಿಂದ?

ಬೆಂಗಳೂರಿನ ಯಾವುದೇ ವಾಣಿಜ್ಯ ಕಟ್ಟಡದ ಮ್ಯಾನೇಜರನ್ನು ಮಳೆಗಾಲದ ತಯಾರಿ ಏನಾಗಿದೆ ಎಂದು ಕೇಳಿ. ‘ಬೇಸ್‌ಮೆಂಟಿನಲ್ಲಿ ಎರಡು ಪಂಪ್ ಇವೆ ಸಾರ್’ ಎಂಬ ಉತ್ತರ ಬರುತ್ತದೆ. ಕೇಳಬೇಕಾದ ಪ್ರಶ್ನೆಗಳು ಅದಾದ ಮೇಲಿನವು. ಆ ಪಂಪಿಗೆ ಕರೆಂಟ್ ಯಾವ ಪ್ಯಾನೆಲ್‌ನಿಂದ ಬರುತ್ತದೆ? ಆ ಪ್ಯಾನೆಲ್ ಎಲ್ಲಿದೆ? ಪಂಪ್ ಮೇಲೆತ್ತಿದ ನೀರು ಎಲ್ಲಿ ಹೋಗಿ ಬೀಳುತ್ತದೆ? ಮಳೆ ಜೋರಾದಾಗ ಮೊದಲು ಕೈಕೊಡುವುದೇ ಕರೆಂಟ್. ಜನರೇಟರ್ ಇದ್ದರೂ ಅದರ ಪ್ಯಾನೆಲ್ ಬೇಸ್‌ಮೆಂಟಿನಲ್ಲೇ ಇದ್ದರೆ, ಪಂಪ್ ಕೆಲಸ ಮಾಡಲೇಬೇಕಾದ ಹೊತ್ತಿಗೆ ಪ್ಯಾನೆಲ್ ನೀರಿನಲ್ಲಿ ನಿಂತಿರುತ್ತದೆ.

ಮೊದಲು ಲೆಕ್ಕ. ವಾಹನಗಳು ಬೇಸ್‌ಮೆಂಟಿಗೆ ಇಳಿಯುವ ಇಳಿಜಾರು ದಾರಿ, ಅಂದರೆ ರ್‍ಯಾಂಪ್ 6 ಮೀಟರ್ ಅಗಲ, 25 ಮೀಟರ್ ಉದ್ದ ಎಂದುಕೊಳ್ಳಿ. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿದರೆ ಅದರ ಮೇಲೆ ಬೀಳುವುದು ಗಂಟೆಗೆ 15,000 ಲೀಟರ್, ಅಂದರೆ ನಿಮಿಷಕ್ಕೆ 250 ಲೀಟರ್. ಹತ್ತು ಮೀಟರ್ ಎತ್ತರಕ್ಕೆ ನಿಮಿಷಕ್ಕೆ 400 ಲೀಟರ್ ಎತ್ತಲು ಸುಮಾರು 2 ಎಚ್‌ಪಿ ಪಂಪ್ ಸಾಕು. ಹಾಗಾಗಿ ರ್‍ಯಾಂಪಿನ ಮೇಲೆ ಬಿದ್ದ ಮಳೆಯನ್ನು ಇರುವ ಪಂಪೇ ನಿಭಾಯಿಸುತ್ತದೆ. ಆದರೆ ರಸ್ತೆಯಲ್ಲಿ ನಿಂತ ನೀರು ರ್‍ಯಾಂಪಿನ ತಲೆಯ ಮೇಲೆ ಬರೀ 10 ಸೆಂಟಿಮೀಟರ್ ಎತ್ತರಕ್ಕೆ ಹರಿಯತೊಡಗಿತೆಂದರೆ, ಅದೇ 6 ಮೀಟರ್ ಅಗಲದಲ್ಲಿ ಒಳಗೆ ಬರುವುದು ಸೆಕೆಂಡಿಗೆ ಸುಮಾರು 320 ಲೀಟರ್. ನಿಮಿಷಕ್ಕಲ್ಲ, ಸೆಕೆಂಡಿಗೆ. ಎರಡು ಸಾವಿರ ಚದರ ಮೀಟರಿನ ಬೇಸ್‌ಮೆಂಟ್ ಎರಡು ಗಂಟೆಯೊಳಗೆ ಸೊಂಟಮಟ್ಟ ತುಂಬುತ್ತದೆ. ಇದಕ್ಕೆ ಯಾವ ಪಂಪೂ ಸಮ ಅಲ್ಲ. ರಸ್ತೆ ನೀರನ್ನು ಬಾಗಿಲಲ್ಲೇ ತಡೆಯಬೇಕು; ಪಂಪ್ ಇರುವುದು ಅದನ್ನೂ ಮೀರಿ ಒಳಬಂದ ಚೂರುಪಾರು ನೀರಿಗೆ.

ಬಾಗಿಲಲ್ಲಿ ತಡೆಯುವ ಮೊದಲ ಸಾಧನ ರ್‍ಯಾಂಪಿನ ಶುರುವಿನಲ್ಲಿರುವ ಉಬ್ಬು. ಕಟ್ಟುವಾಗ ಅದು ರಸ್ತೆಗಿಂತ 150 ಮಿಲಿಮೀಟರ್ ಎತ್ತರದಲ್ಲಿತ್ತು ಎನ್ನೋಣ. ನಮ್ಮಲ್ಲಿ ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಹಾಕುವ ರೂಢಿ. ಒಂದೊಂದು ಪದರ 40–50 ಮಿಲಿಮೀಟರ್. ಮೂರು ಸಲ ಡಾಂಬರು ಬಿದ್ದರೆ ಉಬ್ಬು ರಸ್ತೆಯ ಸಮಕ್ಕೆ ಬಂದಿರುತ್ತದೆ. ಕಟ್ಟಡದ ಯಾವ ನಕ್ಷೆಯಲ್ಲೂ ಈ ಬದಲಾವಣೆ ಕಾಣುವುದಿಲ್ಲ. ಆದ್ದರಿಂದ ಪ್ರತಿ ಏಪ್ರಿಲ್‌ನಲ್ಲಿ ಮೇಸ್ತ್ರಿಯನ್ನು ಕರೆಸಿ, ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿಸಿ ರಸ್ತೆಗೂ ಉಬ್ಬಿಗೂ ಇರುವ ವ್ಯತ್ಯಾಸ ಅಳೆಸಿ. ಉಬ್ಬು ಎತ್ತರಿಸಿದರೆ ಕಾರಿನ ಹೊಟ್ಟೆ ತಗಲುವ ಹಾಗಿದ್ದರೆ, ಎರಡೂ ಪಕ್ಕದ ಗೋಡೆಗೆ ಕಬ್ಬಿಣದ ಚಾನೆಲ್ ಕೂರಿಸಿ, ರಬ್ಬರ್ ಪಟ್ಟಿ ಇರುವ ಅಲ್ಯೂಮಿನಿಯಂ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವ ತಡೆ ಮಾಡಿಸಿಕೊಳ್ಳಬಹುದು. ಹಲಗೆಗಳನ್ನು ಗೇಟಿನ ಪಕ್ಕದಲ್ಲೇ ಇಡಬೇಕು, ಸ್ಟೋರ್ ರೂಮಿನಲ್ಲಲ್ಲ. ರಾತ್ರಿ ಪಾಳಿಯ ಸೆಕ್ಯುರಿಟಿಯವರ ಕೈಯಲ್ಲೇ ಒಮ್ಮೆ ಹಾಕಿಸಿ ನೋಡಿ; ಬೆಂಗಳೂರಿನ ಮಳೆ ಸಂಜೆ ಶುರುವಾಗಿ ರಾತ್ರಿಯವರೆಗೆ ಸುರಿಯುವುದೇ ಹೆಚ್ಚು. ಮರಳು ಮೂಟೆಯೇ ಗತಿ ಎಂದಾದರೆ ಮೂಟೆಯನ್ನು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ, ನೀರಿನ ಕಡೆಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಟ್ಟಿಗೆ ಕಟ್ಟಿದಂತೆ ಸಂದು ತಪ್ಪಿಸಿ ಜೋಡಿಸಿ. ಬಿರಿಯುವಂತೆ ತುಂಬಿದ ಮೂಟೆಗಳು ಒಂದಕ್ಕೊಂದು ಕೂರುವುದಿಲ್ಲ, ಸಂದಿನಲ್ಲಿ ನೀರು ನುಗ್ಗುತ್ತದೆ.

ಇಷ್ಟು ಮಾಡಿಯೂ ಬೇಸ್‌ಮೆಂಟ್ ತುಂಬುವುದುಂಟು. ಆಗ ಬೆರಳು ತೋರಿಸಬೇಕಾದದ್ದು ಕೇಬಲ್ ಪೈಪುಗಳ ಕಡೆಗೆ. ರಸ್ತೆಯ ಕೇಬಲ್ ಗುಂಡಿಯಿಂದ ಕಟ್ಟಡದ ಗೋಡೆ ತೂರಿ ನೇರ ಪ್ಯಾನೆಲ್ ರೂಮಿಗೆ ಬರುವ 150 ಮಿಲಿಮೀಟರಿನ ಪೈಪುಗಳವು. ಮಳೆ ಬಂದಾಗ ಗುಂಡಿ ತುಂಬುತ್ತದೆ, ಪೈಪಿನೊಳಗೆ ನೀರು ಸರಾಗವಾಗಿ ಹರಿದು ಕಟ್ಟಡದಲ್ಲಿ ಎಲ್ಲಿ ಬೀಳಬಾರದೋ ಅಲ್ಲೇ ಬೀಳುತ್ತದೆ. ಸಾಮಾನ್ಯವಾಗಿ ಈ ಬಾಯಿಗೆ ಸಿಮೆಂಟ್ ಗಾರೆ ಮೆತ್ತಿರುತ್ತಾರೆ. ಕೇಬಲ್ ಲೋಡಿನಲ್ಲಿ ಬಿಸಿಯಾಗಿ ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ಗಾರೆಗೆ ಆ ಗುಣ ಇಲ್ಲ, ಕೇಬಲ್ ಸುತ್ತ ಕೂದಲೆಳೆಯ ಬಿರುಕು ಬಿಡುತ್ತದೆ. ಬೋಲ್ಟ್ ಬಿಗಿದರೆ ಉಬ್ಬಿ ಕೂರುವ ರಬ್ಬರ್ ಸೀಲ್ ಇದಕ್ಕೆ ಸರಿ. ಅದು ದುಬಾರಿ ಎನಿಸಿದರೆ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಡಕ್ಟ್ ಸೀಲಿಂಗ್ ಕಾಂಪೌಂಡನ್ನು ಪೈಪಿನ ಎರಡೂ ತುದಿಗೆ ತುಂಬಿಸಿ. ಮುಂದೆ ಬೇಕಾದೀತು ಎಂದು ಬಿಟ್ಟ ಖಾಲಿ ಪೈಪುಗಳನ್ನು ಮರೆಯಬೇಡಿ. ಇಂಟರ್‌ನೆಟ್ ಕೇಬಲ್ ಎಳೆಯಲು ಬಂದವರು ಮುಚ್ಚಳ ಕಿತ್ತು ಹಾಗೇ ಬಿಟ್ಟು ಹೋಗಿರುತ್ತಾರೆ. ಟಾರ್ಚ್ ಬಿಟ್ಟು ಒಂದೊಂದನ್ನೂ ನೋಡುವುದು ಅರ್ಧ ಗಂಟೆಯ ಕೆಲಸ.

ಎರಡನೇ ಕಳ್ಳದಾರಿ ಚರಂಡಿ. ರಾಜಕಾಲುವೆ ತುಂಬಿದರೆ ರಸ್ತೆ ಬದಿಯ ಮೋರಿ ತುಂಬುತ್ತದೆ, ಮೋರಿ ತುಂಬಿದರೆ ನಿಮ್ಮ ಕಟ್ಟಡದಿಂದ ಹೊರಗೆ ಹೋಗಬೇಕಾದ ಪೈಪಿನಲ್ಲೇ ನೀರು ಹಿಂದಕ್ಕೆ ಬರುತ್ತದೆ. ಯುಜಿಡಿ (ನೆಲದಡಿಯ ಒಳಚರಂಡಿ) ಮ್ಯಾನ್‌ಹೋಲ್ ಉಕ್ಕಿದಾಗಲೂ ಅಷ್ಟೇ, ಬೇಸ್‌ಮೆಂಟಿನ ಡ್ರೈವರ್‌ಗಳ ಶೌಚಾಲಯದ ನೆಲದ ಜಾಲರಿಯಿಂದ ಕೊಳಚೆ ಮೇಲೇಳುತ್ತದೆ. ಎರಡೂ ಲೈನಿಗೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಬೇಕು. ಅದರ ರೆಕ್ಕೆಗೆ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡರೂ ಮುಚ್ಚುವುದಿಲ್ಲವಾದ್ದರಿಂದ, ಬಿಚ್ಚಿ ತೊಳೆಯಲು ಬರುವಂತೆ ಗುಂಡಿಯೊಳಗೆ ಕೂರಿಸಬೇಕು. ಮಳೆಕೊಯ್ಲಿನ ಇಂಗುಗುಂಡಿಯನ್ನು ಜಾಗ ಇಲ್ಲವೆಂದು ಬೇಸ್‌ಮೆಂಟ್ ಗೋಡೆಗೆ ಒತ್ತಿ ತೋಡಿದ ಕಟ್ಟಡಗಳೂ ಇವೆ. ಅಲ್ಲಿ ಇಂಗಿದ ನೀರು ಗೋಡೆ ಮೂಲಕ ಒಳಗೇ ಬರುತ್ತದೆ. ಮೂರು ಮೀಟರ್ ಎತ್ತರ ನೀರು ನಿಂತರೆ ಗೋಡೆಯ ಬುಡದ ಪ್ರತಿ ಚದರ ಮೀಟರಿಗೆ ಮೂರು ಟನ್ ಒತ್ತಡ. ಒಳಗಿನಿಂದ ಬಳಿಯುವ ವಾಟರ್‌ಪ್ರೂಫ್ ಬಣ್ಣ ಅದರ ಮುಂದೆ ಹಪ್ಪಳದಂತೆ ಏಳುತ್ತದೆ.

ಈಗ ಪಂಪಿಗೆ ಬರೋಣ. ಒಂದು ಓಡಲು, ಒಂದು ಮೀಸಲು. ಎರಡಕ್ಕೂ ಬೇರೆಬೇರೆ ಬ್ರೇಕರ್, ಬೇರೆಬೇರೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಒಂದರ ಮೋಟಾರ್‌ಗೆ ನೀರು ಹೊಕ್ಕು ಟ್ರಿಪ್ ಆದರೆ ಇನ್ನೊಂದು ನಿಲ್ಲಬಾರದು. ಎರಡರ ಪೈಪೂ ಮೇಲೆ ಒಂದೇ ಪೈಪಿಗೆ ಸೇರುತ್ತವಷ್ಟೆ. ಪ್ರತಿಯೊಂದಕ್ಕೂ ತನ್ನದೇ ಚೆಕ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಇರಬೇಕು, ಅದು ಕೆಲಸ ಮಾಡುತ್ತಿರಬೇಕು. ನಿಂತಿರುವ ಪಂಪಿನ ಚೆಕ್ ವಾಲ್ವ್ ಕಸ ಸಿಕ್ಕಿ ತೆರೆದೇ ಉಳಿದರೆ, ಓಡುವ ಪಂಪ್ ಎತ್ತಿದ ನೀರು ಆ ದಾರಿಯಲ್ಲಿ ಮತ್ತೆ ಪಂಪ್ ಕೂತಿರುವ ಗುಂಡಿಗೇ ಇಳಿಯುತ್ತದೆ. ಮೋಟಾರ್ ಸದ್ದು ಸರಿಯಾಗಿದೆ, ಆಂಪಿಯರ್ ಸರಿಯಾಗಿದೆ, ನೀರಿನ ಮಟ್ಟ ಮಾತ್ರ ಇಳಿಯುವುದಿಲ್ಲ. ಹೊಸ ಪಂಪ್ ತರಿಸುವ ಮುನ್ನ ನಿಂತಿರುವ ಪಂಪಿನ ಗೇಟ್ ವಾಲ್ವ್ ಮುಚ್ಚಿ ನೋಡಿ. ಮಟ್ಟ ಇಳಿಯತೊಡಗಿದರೆ ಕಾಯಿಲೆ ಗೊತ್ತಾಯಿತು.

ಗುಂಡಿಯಲ್ಲಿ ನೀರೇರಿದಾಗ ತೇಲಿ ಮೇಲೆದ್ದು ಪಂಪ್ ಶುರು ಮಾಡುವ ಫ್ಲೋಟ್ ಸ್ವಿಚ್ ಪರೀಕ್ಷಿಸಲು ಅದನ್ನು ಕೈಯಲ್ಲಿ ಎತ್ತಿ ನೋಡುವುದು ರೂಢಿ. ಅದರಿಂದ ಸ್ವಿಚ್ ಚೆನ್ನಾಗಿದೆ ಎಂದಷ್ಟೇ ತಿಳಿಯುತ್ತದೆ, ನೀರಿನ ಜೊತೆ ಅದು ಏಳುತ್ತದೆಯೇ ಎಂದಲ್ಲ. ಫ್ಲೋಟಿನ ವಯರು ಪಂಪಿನ ಹಗ್ಗಕ್ಕೆ ಸುತ್ತಿಕೊಳ್ಳುವುದೇ ಸಾಮಾನ್ಯ ತೊಂದರೆ. ಹೋಸ್ ಪೈಪ್ ಹಾಕಿ ಗುಂಡಿ ತುಂಬಿಸಿಯೇ ನೋಡಬೇಕು, ಮಳೆಗಾಲದಲ್ಲಿ ವಾರಕ್ಕೊಮ್ಮೆ. ಮೇಲ್ಮಟ್ಟದ ಅಲಾರಂಗೆ ಸ್ವಂತ ಬ್ಯಾಟರಿ ಇರಲಿ, ಅದು ಸೆಕ್ಯುರಿಟಿ ಮೇಜಿನ ಬಳಿ ಕೂಗಲಿ.

ಪಂಪಿನ ಸ್ಟಾರ್ಟರ್ ಪ್ಯಾನೆಲ್ ನೆಲ ಅಂತಸ್ತಿನಲ್ಲಿರಬೇಕು, ಅದಕ್ಕೆ ಕರೆಂಟ್ ತರುವ ಫೀಡರ್ ಕೇಬಲ್ ಜನರೇಟರ್ ಕಡೆಯಿಂದ ನೇರ ಬರಬೇಕು. ಜನರೇಟರೇ ಬೇಸ್‌ಮೆಂಟಿನಲ್ಲಿದ್ದು ಜಾಗ ಬದಲಿಸಲಾಗದಿದ್ದರೆ, ಬಾಡಿಗೆ ಜನರೇಟರ್ ತಂದು ಚುಚ್ಚಲು ನೆಲ ಅಂತಸ್ತಿನ ಹೊರಗೋಡೆಯಲ್ಲಿ ಒಂದು ಸಾಕೆಟ್, ಒಂದು ಸಪ್ಲೈಯಿಂದ ಇನ್ನೊಂದಕ್ಕೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಮಾಡಿಸಿ. ಬಾಡಿಗೆಯವರೊಂದಿಗೆ ಮೇ ತಿಂಗಳಲ್ಲೇ ಕರಾರು ಆಗಿರಲಿ, ಆ ರಾತ್ರಿ ಬಡಾವಣೆಯವರೆಲ್ಲ ಅದೇ ನಂಬರಿಗೆ ಫೋನ್ ಮಾಡುತ್ತಿರುತ್ತಾರೆ. ಪಂಪಿನ ನೀರು ಬೀಳುವ ಬಾಯಿ ರಸ್ತೆಯಲ್ಲಿ ನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ ಬಾಗಿ ಹೊರಗೆ ಬೀಳಬೇಕು. ಆವರಣದೊಳಗಿನ ಚರಂಡಿಗೇ ಬಿಟ್ಟರೆ, ಅದು ತುಂಬಿ ರ್‍ಯಾಂಪಿನಲ್ಲಿ ಇಳಿದು ಬಂದ ಅದೇ ನೀರನ್ನು ಪಂಪ್ ಬೆಳಗಿನವರೆಗೆ ಎತ್ತುತ್ತಿರುತ್ತದೆ.

ತಾರಸಿಯ ವಿಷಯ ಚಿಕ್ಕದು. ಮಳೆನೀರು ಇಳಿಸುವ 100 ಮಿಲಿಮೀಟರಿನ ಒಂದು ಪೈಪು, ಗಂಟೆಗೆ 100 ಮಿಲಿಮೀಟರ್ ಮಳೆಯಲ್ಲಿ, ಸುಮಾರು 40 ಚದರ ಮೀಟರ್ ತಾರಸಿಗೆ ಲೆಕ್ಕ. ಬಾಯಿಗೆ ಚಪ್ಪಟೆ ಜಾಲರಿ ಬೇಡ, ಒಂದು ಹಿಡಿ ಎಲೆ ಸಾಕು ಮುಚ್ಚಿಹೋಗಲು, ಗುಮ್ಮಟದಾಕಾರದ್ದು ಹಾಕಿ. ಪ್ಯಾರಾಪೆಟ್ ಗೋಡೆಯಲ್ಲಿ ನೆಲದಿಂದ 50 ಮಿಲಿಮೀಟರ್ ಮೇಲೆ ತುರ್ತು ತೂತುಗಳಿರಲಿ. ಹತ್ತು ಸೆಂಟಿಮೀಟರ್ ನೀರು ನಿಂತರೆ ಚದರ ಮೀಟರಿಗೆ ನೂರು ಕೆಜಿ ಭಾರ.

ಮಳೆಯೇ ಇಲ್ಲದ ದಿನವೂ ಕಚೇರಿ ಮುಳುಗಬಹುದು. ಶುಕ್ರವಾರ ಸಂಜೆ ಪ್ಯಾಂಟ್ರಿಯ ನೀರು ಶುದ್ಧಿ ಯಂತ್ರದ ಸಣ್ಣ ಪೈಪು ಕಳಚಿದರೆ ಸೋಮವಾರದವರೆಗೆ ನೋಡುವವರಿಲ್ಲ. ಕೊನೆಗೆ ಹೋಗುವವರು ಪ್ಯಾಂಟ್ರಿಯ ವಾಲ್ವ್ ಮುಚ್ಚಲಿ. ಏಣಿ ತಗಲಿ, ಬೆಂಕಿ ನಂದಿಸಲು ಚಾವಣಿಯಲ್ಲಿರುವ ಸ್ಪ್ರಿಂಕ್ಲರ್ ಗಾಜು ಒಡೆದರೆ, 3 ಬಾರ್ ಒತ್ತಡದಲ್ಲಿ ಸಾಮಾನ್ಯ ಹೆಡ್ ಒಂದೇ ನಿಮಿಷಕ್ಕೆ 130 ಲೀಟರಿಗೂ ಹೆಚ್ಚು ಸುರಿಸುತ್ತದೆ. ಆ ಮಹಡಿಯ ಸ್ಪ್ರಿಂಕ್ಲರ್ ನೀರು ನಿಲ್ಲಿಸುವ ಝೋನ್ ವಾಲ್ವ್ ಎಲ್ಲಿದೆ ಎಂಬುದು ರಾತ್ರಿ ಪಾಳಿಯವರಿಗೂ ಗೊತ್ತಿರಬೇಕು. ಹೆಡ್ ಬದಲಿಸಿದ ಮೇಲೆ ವಾಲ್ವ್ ಮತ್ತೆ ತೆರೆದು, ಸಮಯ ಬರೆದು ಸಹಿ ಮಾಡಿಸಿ.

ನೀರು ನುಗ್ಗಿಯೇ ಬಿಟ್ಟರೆ, ಮೊದಲು ಲಿಫ್ಟನ್ನು ಮೇಲಿನ ಮಹಡಿಗೆ ಕಳಿಸಿ ಆಫ್ ಮಾಡಿ, ಬೇಸ್‌ಮೆಂಟಿನಲ್ಲಿರುವ ಜನರನ್ನು ಹೊರಗೆ ಕರೆತನ್ನಿ, ಕಾರು ಆಮೇಲೆ. 2024ರ ಜುಲೈನಲ್ಲಿ ದೆಹಲಿಯ ಹಳೇ ರಾಜಿಂದರ್ ನಗರದ ಕೋಚಿಂಗ್ ಕೇಂದ್ರವೊಂದರ ಬೇಸ್‌ಮೆಂಟಿನಲ್ಲಿ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. 2025ರ ಮೇನಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಮೋಟಾರ್ ಇಟ್ಟು ಬೇಸ್‌ಮೆಂಟ್ ನೀರು ತೆಗೆಯಲು ಹೋದಾಗ ಶಾಕ್ ಹೊಡೆದು ಇಬ್ಬರು ಸತ್ತರು. ಪ್ಯಾನೆಲ್ ನೀರಿನಲ್ಲಿದ್ದರೆ ಒಳಗೆ ಇಳಿಯುವಂತಿಲ್ಲ. 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರಿಂದ ಹೊರಗಿನ ಸಪ್ಲೈ ತೆಗೆಸಿ, ಜನರೇಟರ್ ತಾನಾಗಿ ಶುರುವಾಗದಂತೆ ಆಟೋ ಮೋಡ್‌ನಿಂದ ತೆಗೆದು, ಯುಪಿಎಸ್ ಲೈನನ್ನೂ ಮೇಲಿನಿಂದಲೇ ಬಿಡಿಸಿ. ಆಮೇಲೆ ಡೀಸೆಲ್ ಪಂಪ್ ತರಿಸಿ, ಯಂತ್ರ ಹೊರಗೇ ನಿಂತು ಹೋಸ್ ಮಾತ್ರ ಒಳಗೆ ಇಳಿಯಲಿ. ಡೀಸೆಲ್ ಯಂತ್ರವನ್ನು ಒಳಗೆ ಓಡಿಸಿದರೆ ಹೊಗೆಯೇ ಜೀವ ತೆಗೆಯುತ್ತದೆ.

ನೀರು ಇಳಿದ ಮೇಲೆ ಅವಸರದಲ್ಲಿ ಮೇನ್ ಹಾಕಬೇಡಿ. ಕೇಬಲ್, ಮೋಟಾರ್ ಒಂದೊಂದಕ್ಕೂ ಮೆಗ್ಗರ್ (ಇನ್ಸುಲೇಶನ್ ಸರಿಯಿದೆಯೇ ಎಂದು ಅಳೆಯುವ ಉಪಕರಣ) ಹಿಡಿದ ಮೇಲೆಯೇ ಕರೆಂಟ್. ಮುಳುಗಿದ ಬ್ರೇಕರುಗಳನ್ನು ಒಣಗಿಸಿ ಬಳಸುವ ಉಳಿತಾಯ ಬೇಡ, ಬದಲಿಸಿ. ಮುಳುಗಿದ ವಿದ್ಯುತ್ ವಾಹನವನ್ನು ಚಾರ್ಜಿಗೆ ಹಾಕದೆ ಬಯಲಿಗೆ ಎಳೆಸಿ. ನೆನೆದ ಜಿಪ್ಸಂ ಗೋಡೆಯನ್ನು ನೀರಿನ ಗೆರೆಗಿಂತ ಒಂದಡಿ ಮೇಲಕ್ಕೆ ಕತ್ತರಿಸಿ ತೆಗೆಯಿರಿ, ಒಂದೆರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಆದರೆ ಕತ್ತರಿಸುವ ಮೊದಲು ನೀರಿನ ಗೆರೆ, ಯಂತ್ರಗಳ ಸೀರಿಯಲ್ ನಂಬರ್ ಕಾಣುವಂತೆ ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಿ. ಸರ್ವೇಯರ್ ಬರುವ ಮೊದಲೇ ಎಸೆದ ಸಾಮಾನಿಗೆ ಕ್ಲೇಮ್ ಕಷ್ಟ. ಪಾಲಿಸಿಯಲ್ಲಿ ಪ್ರವಾಹ ಇದ್ದರೂ ಗೋಡೆಯಿಂದ ವರ್ಷಗಟ್ಟಲೆ ಜಿನುಗಿದ ನೀರಿನ ಹಾನಿ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.