ಅಪೀಲು ಹಾಕಿದರೆ ವಸೂಲಿ ತಾನಾಗಿ ನಿಲ್ಲುತ್ತದಾ?

ನಿಲ್ಲುವುದಿಲ್ಲ. ಮಂಗಳೂರಿನಲ್ಲಿ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡುವಾಗ ನಾನು ಮೊದಲು ತಪ್ಪು ತಿಳಿದದ್ದು ಇದನ್ನೇ. ಆದಾಯ ತೆರಿಗೆಯಲ್ಲಿ ಅಪೀಲು ಬೇರೆ, ಸ್ಟೇ (ವಸೂಲಿಗೆ ತಡೆ) ಬೇರೆ. (ಇಲ್ಲಿನ ಸೆಕ್ಷನ್ ನಂಬರುಗಳು 1961ರ ಕಾಯ್ದೆಯವು.)

ಮಲ್ಪೆಯ ಒಬ್ಬ ಮೀನು ವ್ಯಾಪಾರಿ ಅಂತ ಇಟ್ಟುಕೊಳ್ಳಿ. ಬ್ಯಾಂಕಿಗೆ ಕಟ್ಟಿದ ನಗದನ್ನೆಲ್ಲ ಆದಾಯಕ್ಕೆ ಸೇರಿಸಿ 10 ಲಕ್ಷ ತೆರಿಗೆ ಕಟ್ಟಿ ಎಂಬ ಡಿಮ್ಯಾಂಡ್ ಬಂದಿದೆ. ಸೆಕ್ಷನ್ 156ರ ನೋಟಿಸ್ ಕೈಸೇರಿ 30 ದಿನದೊಳಗೆ ಕಟ್ಟದಿದ್ದರೆ ಅವರು ಸುಸ್ತಿದಾರರು. ಆಮೇಲೆ ಇಲಾಖೆ 226(3)ರಲ್ಲಿ ನೇರವಾಗಿ ಬ್ಯಾಂಕಿಗೇ ಪತ್ರ ಬರೆದು ಖಾತೆಯಿಂದ ಹಣ ತೆಗೆದುಕೊಳ್ಳಬಹುದು. ಇದನ್ನು ತಡೆಯುವುದು 220(6). ಅಪೀಲು ಹಾಕಿದವರನ್ನು ಸುಸ್ತಿದಾರರೆಂದು ಎಣಿಸದಿರುವ ಅಧಿಕಾರ ಅಸೆಸಿಂಗ್ ಆಫೀಸರ್‌ಗೆ (ತೆರಿಗೆ ನಿರ್ಧರಿಸುವ ಅಧಿಕಾರಿಗೆ) ಇದೆ. ಆದರೆ ನಾವು ಅರ್ಜಿ ಕೊಟ್ಟು ಕೇಳಬೇಕು.

ಸ್ಟೇ ಸಿಗಲು ಮೊದಲು ಎಷ್ಟು ಕಟ್ಟಬೇಕು? ನೇರ ತೆರಿಗೆ ಮಂಡಳಿ 2016ರಲ್ಲಿ ಡಿಮ್ಯಾಂಡಿನ 15% ಅಂದಿತ್ತು, 2017ರ ಜುಲೈ 31ರಂದು 20% ಮಾಡಿತು. ಅಂದರೆ ಇಲ್ಲಿ 2 ಲಕ್ಷ. ಇದು ಕಲ್ಲಿನಲ್ಲಿ ಕೊರೆದ ಅಂಕಿ ಅಲ್ಲ. ಕೇಸಿನ ಸಂಗತಿ ನೋಡಿ ಇನ್ನೂ ಕಡಿಮೆ ಕಟ್ಟಿಸಿಕೊಳ್ಳಬಹುದು ಎಂದು 2018ರಲ್ಲಿ ಎಲ್‌ಜಿ ಎಲೆಕ್ಟ್ರಾನಿಕ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿಯಲ್ಲಿ ಇದನ್ನು ಬರೆಯಲು ಮರೆಯಬೇಡಿ.

ಅರ್ಜಿಯ ಜೀವ ಇರುವುದು ಮೂರು ವಿಷಯದಲ್ಲಿ: ಮೇಲ್ನೋಟಕ್ಕೆ ಕೇಸು ಗಟ್ಟಿ ಇದೆಯಾ, ಕಟ್ಟಲು ನಿಜಕ್ಕೂ ಕಷ್ಟವಾ, ಈಗಲೇ ವಸೂಲಿ ಮಾಡಿದರೆ ಯಾರಿಗೆ ನಷ್ಟ ಜಾಸ್ತಿ. "ಹಣದ ತೊಂದರೆ ಇದೆ" ಅಂತ ಸುಮ್ನೆ ಒಂದು ಸಾಲು ಬರೆದರೆ ಸಾಲದು. ನಮ್ಮ ವ್ಯಾಪಾರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಮೀನೇ ಬರುವುದಿಲ್ಲ. ಆ 61 ದಿನದ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ, ಆಗಸ್ಟ್‌ನಿಂದ ಕಂತು ಕೇಳಿ. ಅಧಿಕಾರಿಗೆ ಕಷ್ಟ ಕಣ್ಣಿಗೆ ಕಾಣಬೇಕು, ಅಲ್ವಾ? ಅವರು ಒಪ್ಪದಿದ್ದರೆ ಅವರ ಮೇಲಿನ ಪ್ರಿನ್ಸಿಪಲ್ ಕಮಿಷನರ್ ಬಳಿ ಹೋಗಬಹುದು, ಅಲ್ಲೂ ಆಗದಿದ್ದರೆ ಹೈಕೋರ್ಟಿಗೆ ರಿಟ್.

ಜಿಎಸ್‌ಟಿ ಜೊತೆ ಇದನ್ನು ಬೆರೆಸಬೇಡಿ. ಅಲ್ಲಿ ಮೊದಲ ಅಪೀಲಿಗೆ ಒಪ್ಪಿದ ತೆರಿಗೆ ಪೂರ್ತಿ, ತಕರಾರಿನ ತೆರಿಗೆಯಲ್ಲಿ 10% ಕಟ್ಟಿದರೆ ಉಳಿದದ್ದರ ವಸೂಲಿ ತಾನಾಗಿಯೇ ನಿಲ್ಲುತ್ತದೆ.

ಇನ್ನೊಂದು ಮಾತು. ಸ್ಟೇ ಸಿಕ್ಕಿದರೂ 220(2)ರ ಬಡ್ಡಿ ಓಡುತ್ತಲೇ ಇರುತ್ತದೆ, ತಿಂಗಳಿಗೆ 1%. ಉಳಿದ 8 ಲಕ್ಷಕ್ಕೆ ತಿಂಗಳಿಗೆ 8,000 ರೂಪಾಯಿ. ಅಪೀಲು ಸೋತರೆ ಅದನ್ನೂ ಕಟ್ಟಬೇಕು. ಸ್ಟೇ ಅರ್ಜಿಗೆ ಸಹಿ ಹಾಕಿಸುವ ಮೊದಲೇ ಈ ಲೆಕ್ಕವನ್ನು ಕ್ಲೈಂಟ್ ಎದುರು ಬರೆದು ತೋರಿಸಿ.